ಒಂದು ಅಕ್ಷರದ ಮೂಲೆ ಉದುರಿದರೆ ಇಡೀ ತೋರಾ ಸುರುಳಿ ಕೆಟ್ಟಂತೆಯಾ?

ಪ್ರಶ್ನೆ: ನಾನು ಉಡುಪಿ ಕಡೆಯವಳು. ಆರು ವರ್ಷದಿಂದ ಇಸ್ರೇಲಿನ ಹೈಫಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಈಗಿರುವ ಮನೆಯ ಅಜ್ಜನಿಗೆ 87 ವರ್ಷ. ಎಲ್ಲರೂ ಅವರನ್ನು ಸಬಾ, ಅಂದರೆ ಅಜ್ಜ, ಎಂದೇ ಕರೆಯುವುದು. ಅವರ ತಂದೆ ಬಾಗ್ದಾದಿನಿಂದ ಇಲ್ಲಿಗೆ ಬಂದ ಮೇಲೆ ಬರೆಸಿದ ತೋರಾ ಸುರುಳಿ ಮನೆಯಲ್ಲಿದೆ. ತೋರಾ ಎಂದರೆ ಯೆಹೂದಿಗಳ ಧರ್ಮಗ್ರಂಥ, ಚರ್ಮದ ಮೇಲೆ ಕೈಯಲ್ಲೇ ಬರೆದದ್ದು. ಮರದ ದುಂಡು ಪೆಟ್ಟಿಗೆಯಲ್ಲಿಟ್ಟಿರುತ್ತಾರೆ. ಹೋದ ತಿಂಗಳು ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಓದುತ್ತಿದ್ದಾಗ ನಡುವೆ ನಿಲ್ಲಿಸಿ, ಇದನ್ನು ಮುಚ್ಚಿ ಬೇರೆ ಸುರುಳಿ ತೆಗೆದರಂತೆ. ಒಂದು ಅಕ್ಷರದ ಮೂಲೆಯ ಮಸಿ ಉದುರಿದೆ, ಇನ್ನು ಇದರಲ್ಲಿ ಓದುವ ಹಾಗಿಲ್ಲ ಎಂದರಂತೆ. ಆ ಅಕ್ಷರದ ಫೋಟೊ ಕಳಿಸಿದ್ದೇನೆ. ಅಂದಿನಿಂದ ಸಬಾ ಸರಿಯಾಗಿ ಊಟ ಮಾಡುತ್ತಿಲ್ಲ. ಮಗ ಮಾರಿಬಿಡೋಣ ಎನ್ನುತ್ತಾರೆ. ಪಕ್ಕದ ಮನೆಯವರು ನಲವತ್ತು ದಿನ ಉಪವಾಸ ಮಾಡಬೇಕು ಎಂದಿದ್ದಾರೆ. ಯಾರಿಗೂ ಹೇಳದ ಒಂದು ಮಾತು ನಿಮಗೆ ಹೇಳುತ್ತೇನೆ. ಅದಕ್ಕೆ ವಾರದ ಮುಂಚೆ ಕಪಾಟು ಒರೆಸುವಾಗ ಆ ಪೆಟ್ಟಿಗೆ ತೆರೆದುಕೊಂಡಿತು. ಗಾಬರಿಯಲ್ಲಿ ಬರಿಗೈಯಲ್ಲೇ ಚರ್ಮವನ್ನು ಒತ್ತಿ ಹಿಡಿದು ಮುಚ್ಚಿದೆ. ಆ ದಿನ ನಾನು ಮುಟ್ಟಾಗಿದ್ದೆ. ನನ್ನಿಂದಲೇ ಹೀಗಾಯಿತಾ? ಒಂದು ಅಕ್ಷರಕ್ಕೆ ಇಡೀ ಪುಸ್ತಕ ವ್ಯರ್ಥವಾ? ಒಳ್ಳೆ ಪೆನ್ನಿನಲ್ಲಿ ತಿದ್ದಿಬಿಟ್ಟರೆ ಆಗುವುದಿಲ್ಲವಾ?

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸಿಬಿಡುತ್ತೇನೆ. ಮುಟ್ಟಾದವರು ಮುಟ್ಟಿದ್ದರಿಂದ ತೋರಾ ಸುರುಳಿ ಕೆಡುವುದಿಲ್ಲ. ಇದು ನಿಮ್ಮನ್ನು ಸಮಾಧಾನ ಮಾಡಲಿಕ್ಕೆ ಹೇಳುವ ಮಾತಲ್ಲ, ಅವರದೇ ಧರ್ಮಶಾಸ್ತ್ರದ ಮಾತು. 12ನೇ ಶತಮಾನದ ಮೈಮೊನಿಡಿಸ್ ಯೆಹೂದಿ ಕಾನೂನಿನ ದೊಡ್ಡ ಹೆಸರು. ಅವರು ಸ್ಪಷ್ಟವಾಗಿ ಬರೆದಿದ್ದಾರೆ: ಮೈಲಿಗೆಯಲ್ಲಿರುವವರು, ಮುಟ್ಟಾದ ಹೆಂಗಸರು, ಯೆಹೂದಿ ಅಲ್ಲದವರು ಕೂಡ ತೋರಾ ಸುರುಳಿ ಹಿಡಿಯಬಹುದು, ಓದಬಹುದು. ಯಾಕೆಂದರೆ ತೋರಾದ ಮಾತಿಗೆ ಮೈಲಿಗೆ ತಾಗುವುದೇ ಇಲ್ಲ. ಅವರು ಹಾಕಿದ ಷರತ್ತು ಒಂದೇ, ಕೈಯಲ್ಲಿ ಕೊಳೆ, ಕೆಸರು ಇರಬಾರದು. ನಮ್ಮ ಕಡೆ ಮಡಿ ಮೈಲಿಗೆ ಎಂದು ಕೇಳಿಕೊಂಡು ಬೆಳೆದವರಿಗೆ ಹೆದರಿಕೆ ಆಗುವುದು ಸಹಜ. ಆ ಅಳತೆಗೋಲನ್ನು ಇಲ್ಲಿಗೆ ತರಬೇಡಿ.

ಬರಿಗೈಯಲ್ಲಿ ಚರ್ಮ ಮುಟ್ಟಬಾರದು ಎಂಬ ನಿಯಮ ಇರುವುದೇನೋ ನಿಜ. ಅದಕ್ಕೇ ಓದುವವರು ಬೆರಳಿಡದೆ, ಬೆಳ್ಳಿಯದೋ ಮರದ್ದೋ ಕಡ್ಡಿ ಹಿಡಿದು ಸಾಲು ತೋರಿಸುತ್ತಾರೆ. ಆದರೆ ಅದು ಗೌರವದ ನಿಯಮ. ಯೆಹೂದಿಯೇ ಆಗಲಿ, ಅವರ ಧರ್ಮಗುರು ರಬ್ಬಿಯೇ ಆಗಲಿ, ಎಲ್ಲರಿಗೂ ಒಂದೇ. ಸುರುಳಿ ಮುಟ್ಟುವ ಮಾತಿನ ಜೊತೆಗೇ ಬರುವ ಒಂದು ಹಳೇ ಕಥೆಯೂ ಇದೆ. ಹಿಂದೆ ಯಾಜಕರ ಪಾಲಿನ ಧಾನ್ಯವನ್ನು, ಎರಡೂ ಪವಿತ್ರ ಅಲ್ವಾ ಎಂದು, ಸುರುಳಿಗಳ ಪಕ್ಕದಲ್ಲೇ ಇಡುತ್ತಿದ್ದರಂತೆ. ಕಾಳಿಗೆ ಇಲಿ ಬಂತು, ಬಂದದ್ದು ಸುರುಳಿಯನ್ನೂ ಕಡಿಯಿತು. ಸುರುಳಿ ತಾಗಿದರೆ ಆ ಧಾನ್ಯ ಕೆಡುತ್ತದೆ ಎಂದು ಪಂಡಿತರು ಸಾರಿಬಿಟ್ಟರು. ಜನ ಧಾನ್ಯವನ್ನು ದೂರ ಇಟ್ಟರು, ಇಲಿ ಕಾಟ ತಪ್ಪಿತು. ಯೆಹೂದಿ ಪಂಡಿತರ ಚರ್ಚೆ, ತೀರ್ಪುಗಳ ಹಳೇ ಗ್ರಂಥವಾದ ತಾಲ್ಮೂದ್‌ನಲ್ಲೇ ಇದು ದಾಖಲಾಗಿದೆ. ನನ್ನ ಕೆಲಸ ಹಳೇ ಹಸ್ತಪ್ರತಿ ಉಳಿಸುವುದು. ತಾಳೆಗರಿಯಿಂದ ಶುರುಮಾಡಿ, ಮುಂದೆ ಕೆಲವು ವರ್ಷ ಜೆರುಸಲೇಮಿನಲ್ಲಿ ತೋರಾ ಬರೆಯುವವರ ಪಕ್ಕದಲ್ಲೇ ಕೂತು ಚರ್ಮದ ಸುರುಳಿಗಳ ಕೆಲಸ ಮಾಡಿದವಳು. ಇಲಿ ಎಂಥ ಶತ್ರು ಎಂದು ನನಗೆ ಚೆನ್ನಾಗಿ ಗೊತ್ತು.

ಹಾಗಾದರೆ ಮಸಿ ಉದುರಿದ್ದು ಯಾಕೆ? ಮಸಿ ಮತ್ತು ಚರ್ಮದ ಸ್ವಭಾವದಿಂದ. ತೋರಾ ಬರೆಯುವ ಮಸಿ ಕಪ್ಪಗೇ ಇರಬೇಕು, ಬೇರೆ ಬಣ್ಣ ಸಲ್ಲದು. ಚಿನ್ನದ ಅಕ್ಷರವೂ ಸಲ್ಲದು. ಹೆಚ್ಚಿನವರು ಮಾಡುವುದು ಮಾಚಿಕಾಯಿ, ಅನ್ನಭೇದಿ, ಗೋಂದು ಸೇರಿಸಿ. ಹೌದು, ನಮ್ಮ ಅಜ್ಜಿಯರು ತೇದು ಮಗುವಿಗೆ ನೆಕ್ಕಿಸುತ್ತಿದ್ದ ಅದೇ ಮಾಚಿಕಾಯಿ. ಅದರ ಒಗರಿಗೆ ಕಬ್ಬಿಣದ ಅಂಶ ಸೇರಿದರೆ ಗಟ್ಟಿ ಕಪ್ಪು ಬರುತ್ತದೆ. ನಮ್ಮಲ್ಲಿ ಅಳಲೆಕಾಯಿಗೆ ಅನ್ನಭೇದಿ ಹಾಕಿ ಮಸಿ ಮಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಕಾಗದವಾದರೆ ಈ ಮಸಿಯನ್ನು ಹೀರಿಕೊಳ್ಳುತ್ತದೆ. ಚರ್ಮ ಅಷ್ಟಾಗಿ ಹೀರುವುದಿಲ್ಲ, ಮಸಿ ಮೇಲೆಯೇ ತೆಳ್ಳಗೆ ಪದರ ಕಟ್ಟಿ ಕೂರುತ್ತದೆ. ಮಳೆಗಾಲದ ತೇವಕ್ಕೆ ಚರ್ಮ ಹಿಗ್ಗುತ್ತದೆ. ಹಮ್ಸಿನ್ ಬಿಸಿಗಾಳಿ ಬೀಸಿದಾಗ ಕುಗ್ಗುತ್ತದೆ. ಒಣಗಿದ ಮಸಿಗೆ ಹಿಗ್ಗಲೂ ಬರದು, ಕುಗ್ಗಲೂ ಬರದು. ಹತ್ತಾರು ವರ್ಷ ಹೀಗೇ ನಡೆದರೆ ಗೋಡೆಯ ಸುಣ್ಣದ ಹಾಗೆ ಬಿರುಕು ಬಿಟ್ಟು, ಚಕ್ಕೆ ಎದ್ದು, ಒಂದು ದಿನ ಉದುರುತ್ತದೆ. ಹೈಫಾ ಕಡಲ ತೀರದ ಊರು ಬೇರೆ. ಅದರ ಜೊತೆಗೆ ಸುತ್ತುವುದು, ಬಿಚ್ಚುವುದು. ಪ್ರತಿ ಸಲ ಸುತ್ತಿದಾಗಲೂ ಅಕ್ಷರ ಬಾಗುತ್ತದೆ.

ನೀವು ಒತ್ತಿದ ಜಾಗದಲ್ಲೇ ಆ ಅಕ್ಷರ ಇದ್ದಿದ್ದರೂ, ಅದು ಬೀಳಲು ಮೊದಲೇ ಸಿದ್ಧವಾಗಿತ್ತು ಎಂದೇ ನಾನು ಹೇಳುತ್ತೇನೆ. ಯಾಕೆ ಇಷ್ಟು ಖಚಿತವಾಗಿ ಹೇಳುತ್ತೇನೆ ಗೊತ್ತಾ? ಮೊದಲ ವರ್ಷ ನನ್ನ ಕೈಯಲ್ಲೇ ಹೀಗಾಗಿದೆ. ಹಳೇ ಸುರುಳಿಯೊಂದರ ಧೂಳನ್ನು ಅತಿ ಮೆತ್ತನೆಯ ಬ್ರಶ್‌ನಿಂದ ಒರೆಸುತ್ತಿದ್ದೆ. ಕೂದಲಿನ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ ಕಂಡಿತು. ಕೆಳಗೆ ನೋಡಿದರೆ ಒಂದು ಯೋದ್ ಇದ್ದ ಜಾಗ ಖಾಲಿ, ಕಂದು ನೆರಳು ಮಾತ್ರ ಉಳಿದಿತ್ತು. ಹೀಬ್ರೂವಿನ ಅತಿ ಚಿಕ್ಕ ಅಕ್ಷರ ಅದು. ನನ್ನ ಕೈಕಾಲು ತಣ್ಣಗಾದವು. ಪಕ್ಕದಲ್ಲಿದ್ದ ಹಿರಿಯ ಸೋಫೆರ್, ಅಂದರೆ ತೋರಾ ಬರೆಯುವವರು, ಬಂದು ನೋಡಿ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಅದೇ ಸಾಲಿನ ಮಿಕ್ಕ ಅಕ್ಷರಗಳನ್ನು ತೋರಿಸಿದರು. ಹತ್ತರಲ್ಲಿ ನಾಲ್ಕು ಅಕ್ಷರ ಅಂಚಿನಲ್ಲಿ ಎದ್ದು ನಿಂತಿದ್ದವು. ಗಾಳಿ ಊದಿದ್ದರೂ ಬೀಳುತ್ತಿದ್ದವು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಒಂದು ಅಕ್ಷರಕ್ಕೆ ಇಡೀ ಪುಸ್ತಕ ಯಾಕೆ ನಿಲ್ಲಬೇಕು? ತೋರಾದಲ್ಲಿ ಇರುವುದು 3,04,805 ಅಕ್ಷರ ಎಂದು ಎಣಿಸಿ ಇಟ್ಟಿದ್ದಾರೆ. ಸೋಫೆರ್ ಎಂಬ ಪದಕ್ಕೇ ಎಣಿಸುವವನು ಎಂಬ ಅರ್ಥವನ್ನೂ ತಾಲ್ಮೂದ್ ಹೇಳುತ್ತದೆ. ಒಂದು ಬಿಟ್ಟರೂ, ಒಂದು ಹೆಚ್ಚಾದರೂ, ಎರಡು ಅಕ್ಷರ ಒಂದಕ್ಕೊಂದು ತಾಗಿದರೂ ಆ ಸುರುಳಿ ಪಸೂಲ್. ಸಭೆಯಲ್ಲಿ ಓದಲು ಸಲ್ಲದು ಎಂದು ಅದರರ್ಥ. ಪ್ರತಿ ಅಕ್ಷರದ ಸುತ್ತಲೂ ಕೂದಲೆಳೆಯಷ್ಟಾದರೂ ಖಾಲಿ ಚರ್ಮ ಕಾಣಬೇಕು.

ಇದು ಅತಿಯಾಯಿತು ಅನ್ನಿಸುತ್ತದೆ ಅಲ್ವಾ? ನಮ್ಮ ಅಕ್ಷರವನ್ನೇ ನೋಡಿ. ದನ ಎಂದು ಬರೆದು ದ ಕೆಳಗೆ ಒಂದು ಸೀಳು ಹಾಕಿ, ಧನ ಆಗುತ್ತದೆ. ಹೀಬ್ರೂವಿನಲ್ಲಿ ದಾಲೆತ್ ಮತ್ತು ರೇಶ್ ಎಂಬ ಎರಡು ಅಕ್ಷರಗಳಿಗೆ ಇರುವ ವ್ಯತ್ಯಾಸವೂ ಅಷ್ಟೇ. ದಾಲೆತ್‌ಗೆ ಹಿಂದಿನ ಮೂಲೆ ಚೂಪಾಗಿ ಹೊರಗೆ ಚಾಚಿರುತ್ತದೆ, ರೇಶ್‌ಗೆ ಅದೇ ಮೂಲೆ ದುಂಡಗಿರುತ್ತದೆ. ಯೆಹೂದಿಗಳು ದಿನಾ ಹೇಳುವ ಶೆಮಾ ಪ್ರಾರ್ಥನೆಯಲ್ಲಿ ದೇವರು ಎಖಾದ್, ಅಂದರೆ ಒಬ್ಬನೇ, ಎಂದು ಬರುತ್ತದೆ. ಕೊನೆಯ ದಾಲೆತ್‌ನ ಮೂಲೆ ಉದುರಿದರೆ ಅದನ್ನು ಅಖೇರ್ ಎಂದು ಓದಬಹುದು, ಅಂದರೆ ಬೇರೊಬ್ಬ. ಒಬ್ಬನೇ ದೇವರು ಎಂಬ ಮಾತು ಬೇರೆ ದೇವರು ಎಂದಾಗಿಬಿಡುತ್ತದೆ. ಆ ಗೊಂದಲ ಬರಬಾರದೆಂದೇ ಆ ಜಾಗದ ದಾಲೆತ್ ಅನ್ನು ಎಲ್ಲ ಸುರುಳಿಗಳಲ್ಲೂ ದೊಡ್ಡದಾಗಿ ಬರೆಯುತ್ತಾರೆ. ಬೇರೆ ದೇವರಿಗೆ ಅಡ್ಡಬೀಳಬೇಡಿ ಎಂದು ಬರುವ ಕಡೆ ರೇಶ್ ಅನ್ನು ದೊಡ್ಡದಾಗಿ ಬರೆಯುತ್ತಾರೆ. ಸ್ವರಚಿಹ್ನೆಯೂ ಇಲ್ಲದ, ಬರೀ ವ್ಯಂಜನಗಳ ಬರಹ ಇದು. ಆಕಾರವೇ ಅರ್ಥವನ್ನು ಹೊತ್ತಿರುತ್ತದೆ. ಅಚ್ಚು, ಕಂಪ್ಯೂಟರ್ ಯಾವುದೂ ಇಲ್ಲದ ಕಾಲದಲ್ಲಿ, ಬಾಗ್ದಾದಿನಲ್ಲಿ ಕೂತು ಬರೆದದ್ದೂ ಪೋಲೆಂಡಿನಲ್ಲಿ ಕೂತು ಬರೆದದ್ದೂ ಒಂದೇ ಆಗಿ ಉಳಿಯಿತು. ಯೆಮೆನಿನ ಯೆಹೂದಿಗಳ ಪಾಠಕ್ಕೂ ಮಿಕ್ಕವರ ಪಾಠಕ್ಕೂ ಇರುವ ವ್ಯತ್ಯಾಸ ಬರೀ ಒಂಬತ್ತು ಅಕ್ಷರ. ಮೂರು ಲಕ್ಷದಲ್ಲಿ ಒಂಬತ್ತು! ಹಸ್ತಪ್ರತಿಗಳ ಜೊತೆ ಬದುಕಿದವಳಾಗಿ ಹೇಳುತ್ತೇನೆ, ಒಂದೇ ಕಾವ್ಯದ ಎರಡು ಓಲೆಪ್ರತಿಗಳು ಒಂದು ಪುಟವೂ ಪೂರ್ತಿ ಹೊಂದದೆ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈ ಕಟ್ಟುನಿಟ್ಟಿನ ಬೆಲೆ ನನಗೆ ಅರ್ಥವಾದದ್ದು ಆಗಲೇ.

ಪೆನ್ನಿನಲ್ಲಿ ತಿದ್ದುವ ಮಾತು. ದಯವಿಟ್ಟು ಬೇಡ. ಸಬಾರ ಮಗ ಮುಂದಾದರೂ ತಡೆಯಿರಿ. ಬರೆಯುವುದು ಹೆಬ್ಬಾತು ಅಥವಾ ಟರ್ಕಿ ಕೋಳಿಯ ಗರಿಯಲ್ಲಿ, ಇಲ್ಲವೇ ಲಾಳದ ಕಡ್ಡಿಯಲ್ಲಿ. ಚರ್ಮ ತಿನ್ನಲು ಯೋಗ್ಯವೆಂದು ಶಾಸ್ತ್ರ ಒಪ್ಪಿದ ಜಾತಿಯ ಪ್ರಾಣಿಯದ್ದಾಗಿರಬೇಕು. ಅದನ್ನು ಸುಣ್ಣದ ನೀರಿಗೆ ಹಾಕುವಾಗಲೇ ಇದು ತೋರಾಕ್ಕಾಗಿ ಎಂದು ಬಾಯಿಬಿಟ್ಟು ಹೇಳಿರಬೇಕು. ಮಸಿ ಇಲ್ಲದೆ ಬರೀ ಮೊನೆಯಿಂದ ಗೀರಿ ಸಾಲು ಹಾಕಿರಬೇಕು. ಸೋಫೆರ್‌ಗೆ ಐದೂ ಪುಸ್ತಕ ಬಾಯಿಪಾಠ ಬರುತ್ತಿದ್ದರೂ ನೆನಪಿನಿಂದ ಬರೆಯುವಂತಿಲ್ಲ. ಮುಂದೆ ತಿದ್ದಿದ ಪ್ರತಿ ಇಟ್ಟುಕೊಂಡು, ಪ್ರತಿ ಪದವನ್ನೂ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಬರೆಯಬೇಕು. ನಾನು ಪಕ್ಕದಲ್ಲಿ ಕೂತಿದ್ದಾಗ ಆ ಗೊಣಗು ಇಡೀ ದಿನ ಕೇಳುತ್ತಿತ್ತು. ದೇವರ ಹೆಸರು ಬಂದಾಗ ಮಾತ್ರ ಕೈ ನಿಲ್ಲುತ್ತಿತ್ತು. ಈ ಹೆಸರನ್ನು ಅದರ ಪವಿತ್ರತೆಗಾಗಿ ಬರೆಯುತ್ತಿದ್ದೇನೆ ಎಂದು ಹೇಳಿಯೇ ಗರಿ ಮುಂದೆ ಸಾಗುತ್ತಿತ್ತು. ಆ ಹೊತ್ತಿಗೆ ಯಾರು ಮಾತನಾಡಿಸಿದರೂ ಅವರು ತಲೆ ಎತ್ತುತ್ತಿರಲಿಲ್ಲ. ಸಾಮಾನ್ಯವಾಗಿ ಕಾಣುವ ಸುರುಳಿಯಲ್ಲಿ 245 ಅಂಕಣ, ಪ್ರತಿ ಅಂಕಣಕ್ಕೆ 42 ಸಾಲು. ಬರೆದು ಮುಗಿಸಲು ಒಂದು ವರ್ಷ, ಒಂದೂವರೆ ವರ್ಷ ಬೇಕು. ಹೀಗೆ ಬರೆದದ್ದರ ಮೇಲೆ ಅಂಗಡಿಯ ಪೆನ್ನು ಆಡಿಸಿದರೆ ಸುಲಭದ ತಪ್ಪು ಕಷ್ಟದ ತಪ್ಪಾಗುತ್ತದೆ.

ಯಾಕೆ ಸುಲಭದ ತಪ್ಪು ಎಂದೆ? ಇಲ್ಲೊಂದು ಸೂಕ್ಷ್ಮ ಇದೆ. ಅಕ್ಷರ ಬರೆದು ಮೂಡಬೇಕು, ಕೆರೆದು ಮೂಡಬಾರದು. ರೇಶ್ ಇರಬೇಕಾದ ಕಡೆ ಸೋಫೆರ್ ದಾಲೆತ್ ಬರೆದುಬಿಟ್ಟರೆ, ಮೂಲೆಯನ್ನು ಕೆರೆದು ದುಂಡಗೆ ಮಾಡುವ ಹಾಗಿಲ್ಲ. ಅಳಿಸಿ ಹೊಸದಾಗಿ ಬರೆಯಬೇಕು. ನಿಮ್ಮ ಫೋಟೊದಲ್ಲಿ ಇರುವುದು ಅದರ ಉಲ್ಟಾ. ದಾಲೆತ್‌ನ ಮೂಲೆ ಬಿದ್ದು ರೇಶ್‌ನಂತೆ ಕಾಣುತ್ತಿದೆ. ಮೂಲೆಗೆ ಮಸಿ ಸೇರಿಸಬೇಕು, ಅಷ್ಟೇ. ಸೇರಿಸುವುದು ಬರೆದಂತೆಯೇ. ತೋರಾದ ಸಾಲು ಬರೆದ ಚರ್ಮವಿಟ್ಟು ತೋಳಿಗೆ, ಹಣೆಗೆ ಕಟ್ಟುವ ತೆಫಿಲಿನ್, ಬಾಗಿಲಿಗೆ ಹಾಕುವ ಮೆಜುಜಾ ಆಗಿದ್ದರೆ ಕಷ್ಟವಿತ್ತು. ಅವುಗಳಲ್ಲಿ ಅಕ್ಷರಗಳನ್ನು ಅನುಕ್ರಮದಲ್ಲೇ ಬರೆದಿರಬೇಕು, ಮುಂದಿನದು ಇದ್ದಾಗ ಹಿಂದಿನದನ್ನು ಹೊಸದಾಗಿ ಮೂಡಿಸುವಂತಿಲ್ಲ. ತೋರಾ ಸುರುಳಿಗೆ ಆ ಕಟ್ಟು ಇಲ್ಲ. ಯಾವ ಅಕ್ಷರವನ್ನು ಯಾವಾಗ ಬೇಕಾದರೂ ಸರಿಪಡಿಸಬಹುದು. ಪಸೂಲ್ ಎಂದರೆ ಸತ್ತುಹೋಯಿತು ಎಂದು ಸಬಾ ತಿಳಿದಿರುವ ಹಾಗಿದೆ. ಅವರಿಗೆ ನಿಧಾನವಾಗಿ ಹೇಳಿ, ಸುರುಳಿಗೆ ಕಾಯಿಲೆ ಬಂದಿದೆ, ಅದಕ್ಕೆ ಮದ್ದಿದೆ.

ನಲವತ್ತು ದಿನದ ಉಪವಾಸ ಸುರುಳಿ ಕೈಜಾರಿ ನೆಲಕ್ಕೆ ಬಿದ್ದಾಗ ಜನ ಹೇಳುವ ಮಾತು. ಅದು ತಾಲ್ಮೂದ್‌ನಲ್ಲಿ ಇಲ್ಲ, ಆಮೇಲೆ ರೂಢಿಗೆ ಬಂದದ್ದು. ಬಿದ್ದಾಗಲೂ ಬಹಳಷ್ಟು ರಬ್ಬಿಗಳು ಒಂದು ದಿನದ ಉಪವಾಸವೋ ದಾನವೋ ಸಾಕು ಎನ್ನುತ್ತಾರೆ. ನಿಮ್ಮಲ್ಲಿ ಏನೂ ಬಿದ್ದಿಲ್ಲ. 87ರ ಹಿರಿಯರನ್ನು ಉಪವಾಸ ಕೂರಿಸುವ ಮಾತೇ ಬೇಡ.

ಈಗ ದಾರಿಗಳು. ನಾನು ಸಂರಕ್ಷಣೆಯವಳು, ಧರ್ಮದ ತೀರ್ಪು ಅವರ ರಬ್ಬಿಯದು. ಆದರೂ ಮನೆಯವರು ಏನು ಕೇಳಬೇಕು, ಯಾವುದರಲ್ಲಿ ಏನು ಅಪಾಯ ಎಂದು ಹೇಳಬಲ್ಲೆ.

ಆ ಒಂದು ಅಕ್ಷರವನ್ನು ಮಾತ್ರ ಸರಿ ಮಾಡಿಸುವುದು ಎಲ್ಲಕ್ಕಿಂತ ಬೇಗ ಆಗುವ ಕೆಲಸ. ಸೋಫೆರ್ ಮನೆಗೆ ಬಂದರೆ ಅರ್ಧ ಗಂಟೆ ಸಾಕು. ಅಕ್ಷರ ಇನ್ನೂ ದಾಲೆತ್ ಆಗಿಯೇ ಕಾಣುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಒಂದು ಚಿಕ್ಕ ಮಗುವನ್ನು ಕರೆಯುತ್ತಾರೆ, ಹೆದರಬೇಡಿ, ಅದೂ ಶಾಸ್ತ್ರವೇ. ಅಕ್ಷರ ಕಲಿತಿರಬೇಕು, ಆದರೆ ವಾಕ್ಯದ ಅರ್ಥ ನೋಡಿ ಊಹಿಸುವಷ್ಟು ಚುರುಕಾಗಿರಬಾರದು. ನಾನು ನೋಡಿದ ಹುಡುಗನನ್ನು ಕೆಳಗಿನ ಬೀದಿಯಿಂದ ಕರೆತಂದಿದ್ದರು, ಕೆನ್ನೆಗೆ ಇನ್ನೂ ಚಾಕಲೇಟ್ ಮೆತ್ತಿತ್ತು. ಕಾಲು ಮೋಟಾದ ವಾವ್ ಎಂಬ ಅಕ್ಷರವನ್ನು ಮುಂದಿಟ್ಟು, ಇದು ವಾವ್ ಅಥವಾ ಯೋದ್, ಯಾವುದು ಎಂದು ಕೇಳಿದರು. ಅವನು ವಾವ್ ಎಂದ. ಕೋಣೆಯಲ್ಲಿದ್ದ ಗಡ್ಡದ ಹಿರಿಯರೆಲ್ಲ ಉಸಿರು ಬಿಟ್ಟರು. ಈ ದಾರಿಯ ಅಪಾಯ ಒಂದೇ. ಮಸಿ ಎಲ್ಲ ಕಡೆ ಒಣಗಿದ್ದರೆ ಮುಂದಿನ ತಿಂಗಳು ಇನ್ನೊಂದು ಅಕ್ಷರ ಬೀಳುತ್ತದೆ, ಸಬಾ ಮತ್ತೆ ಅದೇ ನೋವು ತಿನ್ನುತ್ತಾರೆ.

ಅದಕ್ಕೇ ನಾನು ಒತ್ತಿ ಹೇಳುವುದು ಇಡೀ ಸುರುಳಿಯನ್ನು ಪರೀಕ್ಷೆ ಮಾಡಿಸುವುದನ್ನು. ಈಗ ಸುರುಳಿಯನ್ನು ಸ್ಕ್ಯಾನ್ ಮಾಡಿ, ಬಿಟ್ಟ ಅಕ್ಷರ, ಹೆಚ್ಚಾದ ಅಕ್ಷರ ಎಲ್ಲವನ್ನೂ ಕಂಪ್ಯೂಟರ್ ಹುಡುಕಿಕೊಡುತ್ತದೆ. ಬಿರುಕು, ತಾಗಿದ ಅಕ್ಷರ, ಕೆಟ್ಟ ಆಕಾರ ನೋಡಲು ಮನುಷ್ಯರ ಕಣ್ಣೇ ಬೇಕು. ಹೀಗೆ ಮಾಡಿಸಿದಾಗ, ಎಷ್ಟೋ ವರ್ಷ ಎಲ್ಲರೂ ಓದಿದ ಸುರುಳಿಯಲ್ಲೂ ಯಾರ ಕಣ್ಣಿಗೂ ಬೀಳದ ತಪ್ಪು ಸಿಗುವುದುಂಟು. ಮನೆಯವರು ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಖರ್ಚು ಜಾಸ್ತಿ, ತಿಂಗಳುಗಟ್ಟಲೆ ಸುರುಳಿ ಮನೆಯಲ್ಲಿ ಇರುವುದಿಲ್ಲ. ದೇವರ ಹೆಸರಿನ ಅಕ್ಷರ ಎದ್ದಿದ್ದರೆ ಕೆರೆಯುವಂತಿಲ್ಲ, ರಬ್ಬಿಯನ್ನು ಕೇಳಿ ಮೇಲೆ ತುಂಬಬಹುದು. ಆ ಹೆಸರನ್ನೇ ತಪ್ಪಾಗಿ ಬರೆದಿದ್ದರೆ ಆ ಹಾಳೆಯನ್ನೇ ಬಿಚ್ಚಿ ಹೊಸದು ಬರೆಸಿ, ಪ್ರಾಣಿಯ ನರದ ದಾರದಲ್ಲಿ ಹೊಲಿಯುತ್ತಾರೆ. ಪ್ರತಿ ಅಂಕಣದಲ್ಲೂ ನಾಲ್ಕು ತಪ್ಪು ಸಿಕ್ಕರೆ ತಿದ್ದದೆ ತೆಗೆದಿಡಬೇಕು ಎಂದು ತಾಲ್ಮೂದ್ ಹೇಳುತ್ತದೆ. ಆದರೆ ಒಂದು ಅಂಕಣ ಚೆನ್ನಾಗಿದ್ದರೂ ಅದು ಇಡೀ ಸುರುಳಿಯನ್ನು ಕಾಪಾಡುತ್ತದೆ ಎಂದೂ ಅಲ್ಲೇ ಹೇಳಿದೆ. ಹೊರಗೆ ಕೊಡುವ ಮುಂಚೆ ಪ್ರತಿ ಅಂಕಣದ ಫೋಟೊ ತೆಗೆದು, ಎತ್ತರ ಅಳೆದು, ಹೊಲಿಗೆಗಳನ್ನು ಎಣಿಸಿ ಬರೆದಿಟ್ಟುಕೊಳ್ಳಲು ಮಗನಿಗೆ ಹೇಳಿ. ಹಳೇ ಸುರುಳಿ ಕಳ್ಳತನವಾಗುವುದು, ಹಾಳೆ ಬದಲಾಗುವುದು ನಡೆಯದ ಮಾತೇನಲ್ಲ.

ಮಾರುವ ವಿಚಾರಕ್ಕೆ ಅವಸರ ಬೇಡ. ತೋರಾ ಕಲಿಯಲು ಅಥವಾ ಮದುವೆಗೆ ಹಣ ಬೇಕಾದಾಗ ಬಿಟ್ಟು ತೋರಾ ಸುರುಳಿ ಮಾರಬಾರದು ಎಂಬುದು ಹಳೇ ನಿಯಮ. ಮಗನಿಗೆ ಅದು ಗೊತ್ತಿದ್ದರೂ ಇರಬಹುದು, ದುಃಖದಲ್ಲಿ ಹಾಗೆಂದಿರಬಹುದು. ಹಾಗೆಂದು ಸುಮ್ನೆ ಕಪಾಟಿನಲ್ಲಿ ಬಿಡುವುದೂ ಸರಿಯಲ್ಲ. ತಿದ್ದದ ಪುಸ್ತಕವನ್ನು ಮೂವತ್ತು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ತಾಲ್ಮೂದ್ ಹೇಳುತ್ತದೆ. ಆದ್ದರಿಂದ ಈ ವಾರವೇ ರಬ್ಬಿಗೆ ಫೋನ್ ಮಾಡಿಸಿ.

ಸರಿ ಮಾಡಲಾಗದು ಎಂದಾದರೂ ಅದನ್ನು ಎಸೆಯುವುದಿಲ್ಲ. ಮಣ್ಣಿನ ಪಾತ್ರೆಯಲ್ಲಿಟ್ಟು ಪಂಡಿತರೊಬ್ಬರ ಸಮಾಧಿಯ ಪಕ್ಕ ಹೂಳುತ್ತಾರೆ. ಹೂಳುವವರೆಗೆ ಹಳೆಯ ಬರಹಗಳನ್ನು ಕೂಡಿಡುವ ಜಾಗಕ್ಕೆ ಗೆನಿಜಾ ಎನ್ನುತ್ತಾರೆ. ನೀವು ಕರಾವಳಿಯವರಾದ್ದರಿಂದ ಒಂದು ಮಾತು ಹೇಳಲೇಬೇಕು. ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಇಂಥ ಒಂದು ಗೆನಿಜಾ ಇತ್ತು. ಹೀಬ್ರೂ ಅಕ್ಷರವಿದ್ದ ಚೀಟಿಯನ್ನೂ ಎಸೆಯದೆ ಅಲ್ಲಿ ತುಂಬುತ್ತಿದ್ದರು. ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಗಳು ಸಿಕ್ಕವು. ಅವರು 12ನೇ ಶತಮಾನದಲ್ಲಿ ಸುಮಾರು ಹದಿನೇಳು ವರ್ಷ ಇದ್ದದ್ದು ನಮ್ಮ ಮಂಗಳೂರಿನಲ್ಲಿ. ಅವರಿಗಾಗಿ ಏಡನ್‌ವರೆಗೆ ಓಡಾಡಿ ವ್ಯವಹಾರ ನೋಡುತ್ತಿದ್ದವನ ಹೆಸರು ಬೊಮ್ಮ. ಅಕ್ಷರವನ್ನು ಬಿಸಾಡಬಾರದು ಎಂಬ ಇದೇ ಮನಸ್ಸಿನಿಂದ ತುಳುನಾಡಿನ ಆ ಹೆಸರು ಒಂಬೈನೂರು ವರ್ಷ ಉಳಿದು ಬಂದಿದೆ. ಸಬಾಗೆ ಇದನ್ನು ಹೇಳಿ, ಅವರಿಗೆ ಖುಷಿಯಾದೀತು.

ನೀವು ಮಾಡಬೇಕಾದ್ದು ಸ್ವಲ್ಪವೇ. ಪೆಟ್ಟಿಗೆಯನ್ನು ಅಡುಗೆಮನೆಯ ಹಬೆ ತಾಗದ ಕಡೆ, ಹೊರಗೋಡೆಗೆ ಒತ್ತದೆ ಇಡಿ. ಎಸಿ ಗಾಳಿ ನೇರ ಬೀಳಬಾರದು. ಒದ್ದೆ ಬಟ್ಟೆ, ಎಣ್ಣೆ, ಅಂಟುಪಟ್ಟಿ ಯಾವುದೂ ಬೇಡ. ಉದುರಿದ ಕಪ್ಪು ಚೂರು ಕಂಡರೆ ಗುಡಿಸಿಬಿಡದೆ, ಎಲ್ಲಿ ಕಂಡಿತು ಎಂದು ಸೋಫೆರ್‌ಗೆ ಹೇಳಿ. ಅಂದು ಪೆಟ್ಟಿಗೆ ತೆರೆದುಕೊಂಡದ್ದನ್ನೂ ಮನೆಯವರಿಗೆ ಹೇಳಿಬಿಡಿ. ಅದರ ಕೊಂಡಿ ಸಡಿಲವಾಗಿದೆ ಎಂದು ಅವರಿಗೆ ಗೊತ್ತಾಗಬೇಕು, ಅದನ್ನೂ ರಿಪೇರಿ ಮಾಡಿಸಬೇಕು.

ಕೊನೆಯದಾಗಿ, ಸಬಾ ಊಟದ ತಟ್ಟೆ ಮುಂದೆ ಕೂತಾಗ ಹೇಳಬೇಕಾದ ಮಾತು. ತೋರಾದ ಒಂದೇ ಒಂದು ಅಕ್ಷರವನ್ನು ಸರಿಪಡಿಸಿದವನೂ ಇಡೀ ತೋರಾ ಬರೆದಂತೆ ಎಂದು ತಾಲ್ಮೂದ್ ಹೇಳಿದೆ. ಈ ಸುರುಳಿ ಬರೆಸಿದ ಪುಣ್ಯ ಅವರ ತಂದೆಯದು. ಬಿದ್ದ ಆ ಮೂಲೆ ಈಗ ಸಬಾರ ಪಾಲಿಗೆ ಬಂದಿದೆ. ಸೋಫೆರ್ ಗರಿ ಹಿಡಿದಾಗ ಸಬಾ ಅದನ್ನು ಮುಟ್ಟಿಕೊಂಡು, ನನ್ನ ಪರವಾಗಿ ಬರೆಯಿರಿ ಎಂದು ಹೇಳಬಹುದು. ಅವರ ಕೈ ನಡುಗಿದರೆ ಏನೂ ತೊಂದರೆಯಿಲ್ಲ, ಬರೆಯುವುದು ಸೋಫೆರ್ ಕೈ. ಆ ದಿನ ಅವರ ಕುರ್ಚಿಯನ್ನು ಕಿಟಕಿಯ ಹತ್ತಿರ ಹಾಕಿ. ಬೆಳಿಗ್ಗೆಯ ಬೆಳಕಿರಲಿ, ಫ್ಯಾನ್ ಆಫ್ ಮಾಡಿ, ಅವರ ಓದುವ ಕನ್ನಡಕ ಒರೆಸಿ ಕೊಡಿ. ಮಸಿ ಒಣಗಲು ಸ್ವಲ್ಪ ಹೊತ್ತು ಬೇಕು, ಅಲ್ಲಿಯವರೆಗೆ ಸುರುಳಿ ಮುಚ್ಚಲು ಯಾರನ್ನೂ ಬಿಡಬೇಡಿ.